ಸಂಸ್ಥೆ ಹೊರಟುಹೋದ ಮೇಲೂ ಹಿಮಾಲಯದ ಹಳ್ಳಿಗಳಲ್ಲಿ ಕೆಲಸ ಉಳಿಯುತ್ತದೆಯೇ?

ಬೆಂಗಳೂರಿನ ಕೆಲಸಕ್ಕೆ ಒಂದು ವರ್ಷ ಬಿಡುವು ಕೊಟ್ಟು, ಉತ್ತರಾಖಂಡದ ಹಳ್ಳಿಗಳಲ್ಲಿ ಕಾಡು ಬೆಳೆಸುವ, ನೀರಿನ ಒರತೆಗಳನ್ನು ಉಳಿಸುವ ಸಂಸ್ಥೆಯೊಂದನ್ನು ಸೇರಬೇಕೆಂದಿದ್ದೀರಿ. ಅಲ್ಲಿ ಊರಿನವರೇ ಮುಂದೆ ನಿಂತು ಮಾಡುತ್ತಾರೆನ್ನುವ ಅಭಿವೃದ್ಧಿ ನಿಜವೇ, ಅಥವಾ ಹೊರಗಿನ ಹಣ ನಿಂತ ದಿನವೇ ಅದೂ ನಿಂತುಹೋಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಶಿರಸಿ ಕಡೆಯವಳು. ಅಲ್ಮೋರಾ ಜಿಲ್ಲೆಯಲ್ಲಿ ಇಂಥದೇ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲವು ವರ್ಷ ದುಡಿದಿದ್ದೇನೆ. ನಾನು ಕಂಡಂತೆ, ಕಾಡು ಮತ್ತು ನೀರಿನ ಮೇಲೆ ಊರಿಗೆ ಹಕ್ಕು ಇರುವಲ್ಲಿ, ಆ ಹಕ್ಕನ್ನು ನಡೆಸುವ ಕಟ್ಟಳೆಗಳನ್ನು ದಿನವೂ ಕಾಡಿಗೆ ಹೋಗುವ ಹೆಂಗಸರೇ ಮಾಡಿರುವಲ್ಲಿ ಕೆಲಸ ಉಳಿದಿದೆ. ಇವೆರಡರಲ್ಲಿ ಒಂದು ಇಲ್ಲದಿದ್ದರೂ, ಎಷ್ಟೇ ಒಳ್ಳೆಯ ಸಂಸ್ಥೆ ಬಂದಿದ್ದರೂ, ಕೊನೆಗೆ ಉಳಿದಿರುವುದು ಬಣ್ಣ ಮಾಸಿದ ಫಲಕ ಮಾತ್ರ.

ಹಿಮಾಲಯದ ಹಳ್ಳಿಗಳೆಂದರೆ ನಮಗೆ ಮೊದಲು ನೆನಪಾಗುವುದು ಮರಗಳನ್ನು ಅಪ್ಪಿ ನಿಂತು ಉಳಿಸಿದ ಚಿಪ್ಕೋ ಚಳವಳಿ. ಆದರೆ ಈ ಕಥೆ ಅದಕ್ಕಿಂತ ಹಳೆಯದು. 1911ರಿಂದ 1917ರ ನಡುವೆ ಬ್ರಿಟಿಷ್ ಸರ್ಕಾರವು ಈಗಿನ ಉತ್ತರಾಖಂಡದ ಕುಮಾಊಂ ಪ್ರದೇಶದ ಊರೊಟ್ಟಿನ ಕಾಡುಗಳಲ್ಲಿ ಬಹುಪಾಲನ್ನು ಮೀಸಲು ಅರಣ್ಯವೆಂದು ಘೋಷಿಸಿ, ದನ ಮೇಯಿಸುವುದಕ್ಕೂ ಸೊಪ್ಪು ಕಡಿಯುವುದಕ್ಕೂ ನಿರ್ಬಂಧ ಹೇರಿತು. ಜನ ಸುಮ್ಮನಿರಲಿಲ್ಲ. 1921ರ ಬೇಸಿಗೆಯಲ್ಲಿ ಮೀಸಲು ಕಾಡುಗಳಿಗೆ ಬೆಂಕಿ ಬಿತ್ತು. ಜನರ ದೂರುಗಳನ್ನು ಕೇಳಲು ಸಮಿತಿಯೊಂದನ್ನು ನೇಮಿಸಬೇಕಾಯಿತು. ಕೊನೆಗೆ 1931ರಲ್ಲಿ ಬಂದ ನಿಯಮಗಳ ಮೂಲಕ ‘ವನ ಪಂಚಾಯತ್’ ಎಂಬ ವ್ಯವಸ್ಥೆ ಹುಟ್ಟಿತು. ಊರಿನವರು ಚುನಾಯಿಸಿದ ಪಂಚರು ಮತ್ತು ಸರಪಂಚರು ಊರಿನ ಪಾಲಿನ ಕಾಡನ್ನು ತಾವೇ ಕಾಯುವ, ತಾವೇ ಬಳಸುವ, ತಪ್ಪಿದವರಿಗೆ ತಾವೇ ದಂಡ ಹಾಕುವ ಏರ್ಪಾಡು ಅದು. ಇಂದಿಗೂ ಉತ್ತರಾಖಂಡದಲ್ಲಿ 11,000ಕ್ಕೂ ಹೆಚ್ಚು ವನ ಪಂಚಾಯತ್‌ಗಳಿವೆ. ಯಾವ ಸಂಸ್ಥೆಯೂ ಇದನ್ನು ಮೇಲಿನಿಂದ ತಂದು ಕೊಟ್ಟದ್ದಲ್ಲ, ಜನ ಹೋರಾಡಿ ಪಡೆದದ್ದು. ನೀವು ಕೆಲಸ ಮಾಡಲು ಹೋಗುವ ಊರಿನಲ್ಲಿ ವನ ಪಂಚಾಯತ್ ಇದೆಯೇ, ಇದ್ದರೆ ಅದು ಸಭೆ ಸೇರುತ್ತದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಕೇಳಿ ತಿಳಿದುಕೊಳ್ಳಿ.

ಇದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕೆಂದರೆ ಮಳೆಗಾಲ ಮುಗಿದ ಮೇಲೆ ಹುಲ್ಲು ‘ತೆರೆಯುವ’ ದಿನ ಅಲ್ಲಿರಬೇಕು. ಮಳೆಯ ತಿಂಗಳುಗಳಲ್ಲಿ ಮುಚ್ಚಿಟ್ಟ ಕಾಡನ್ನು ಗೊತ್ತಾದ ದಿನ ಊರಿಗೆಲ್ಲ ತೆರೆಯುತ್ತಾರೆ. ಮನೆಗೆ ಒಬ್ಬರಂತೆ, ಒಂದೇ ಹೊತ್ತಿಗೆ, ಕುಡುಗೋಲು ಹಿಡಿದು ಹೊರಡುತ್ತಾರೆ. ಚಳಿಗಾಲವಿಡೀ ದನಕ್ಕೆ ಹಾಕುವ ಹುಲ್ಲು ಈ ಕೆಲವು ದಿನಗಳಲ್ಲೇ ಮನೆ ಸೇರಬೇಕು. ನಾನಿದ್ದ ಊರಿನಲ್ಲಿ ಹಿಂದಿನ ಸಂಜೆ ನಡೆದ ಸಭೆಯಲ್ಲಿ ಬಹಳ ಹೊತ್ತು ಚರ್ಚೆಯಾದದ್ದು ಬಾಣಂತಿ ಇರುವ ಒಂದು ಮನೆಯ ಬಗ್ಗೆ. ಅವರ ಪಾಲನ್ನು ಯಾರು ಕೊಯ್ಯಬೇಕು, ಕೊಯ್ದವರಿಗೆ ಎಷ್ಟು ಹೊರೆ ಸಲ್ಲಬೇಕು ಎಂದು ಹೆಂಗಸರು ಬಿಡಿಸಿ ಬಿಡಿಸಿ ಮಾತನಾಡಿ ತೀರ್ಮಾನಿಸಿದರು. ಕಾವಲುಗಾರನ ಸಂಬಳಕ್ಕೆ ಪ್ರತಿ ಮನೆಯಿಂದ ಬರಬೇಕಾದ ವಂತಿಗೆಯ ಲೆಕ್ಕವೂ ಅಲ್ಲೇ ಆಯಿತು. ಇಂಥ ತೀರ್ಮಾನಗಳನ್ನು ಯಾವ ಯೋಜನಾ ವರದಿಯೂ ಮೊದಲೇ ಬರೆದಿಡಲಾರದು. ಇವನ್ನು ಮಾಡಬಲ್ಲ ಊರು ಕಾಡನ್ನೂ ಕಾಯಬಲ್ಲದು ಎಂದು ನಾನು ನಂಬಿದ್ದೇನೆ.

ಹಕ್ಕಿನ ಜೊತೆಗೆ ಹುರುಪೂ ಸೇರಿದರೆ ಏನಾಗಬಹುದು ಎಂಬುದಕ್ಕೆ ಪೌಡಿ ಗಢವಾಲ್ ಜಿಲ್ಲೆಯ ಉಫ್ರೈಂಖಾಲ್ ಸುತ್ತಲಿನ ಹಳ್ಳಿಗಳನ್ನು ನೋಡಬೇಕು. ಸಚ್ಚಿದಾನಂದ ಭಾರತಿಯವರು ವಿದ್ಯಾರ್ಥಿಯಾಗಿದ್ದಾಗ ಚಿಪ್ಕೋ ಚಳವಳಿಯ ಒಡನಾಟದಲ್ಲಿದ್ದವರು. ಊರಿಗೆ ಮರಳಿ ಶಾಲೆಯ ಮೇಷ್ಟ್ರಾದ ಅವರು ದೂಧಾತೋಲಿ ಬೆಟ್ಟಸಾಲಿನ ಕಾಡು ಉಳಿಸಲು ಹಳ್ಳಿ ಹಳ್ಳಿ ತಿರುಗಿದರು. 1980ರ ದಶಕದ ಮೊದಲಲ್ಲಿ ದೂಧಾತೋಲಿ ಲೋಕ ವಿಕಾಸ ಸಂಸ್ಥಾನವನ್ನು ಕಟ್ಟಿದರು. ಕೈಯಲ್ಲಿ ಹಣವಿರಲಿಲ್ಲ. ಹಾಗಾಗಿ ಸಸಿಮಡಿಯನ್ನು ಊರಿನಲ್ಲೇ ಮಾಡಿ, ಅಕ್ರೋಟಿನ ಬೀಜವನ್ನು ಮಕ್ಕಳ ಕೈಯಿಂದಲೇ ತರಿಸಿಕೊಂಡರು. ಮಹಿಳಾ ಮಂಗಲ ದಳದ ಹೆಂಗಸರು ಸರದಿಯ ಮೇಲೆ ಕಾಡು ಕಾಯುತ್ತಿದ್ದರು. ಕಾವಲಿಗೆ ಹೋಗುವವಳ ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲೊಂದು ಇರುತ್ತಿತ್ತು, ಅದನ್ನು ಖಾಂಕರ್ ಎನ್ನುತ್ತಾರೆ. ಸಂಜೆ ಮರಳುವಾಗ ಅವಳು ಅದನ್ನು ಪಕ್ಕದ ಮನೆಯ ಬಾಗಿಲಲ್ಲಿ ಇಟ್ಟು ಹೋಗುವಳು. ಯಾರ ಬಾಗಿಲಲ್ಲಿ ಕೋಲು ಕಂಡಿತೋ ಮರುದಿನದ ಕಾವಲು ಅವರದು. ಹಾಜರಿ ಪುಸ್ತಕವಿಲ್ಲ, ಮೇಲ್ವಿಚಾರಕನಿಲ್ಲ, ಸಂಬಳವಿಲ್ಲ. ಸರದಿ ಮಾತ್ರ ತಪ್ಪಲಿಲ್ಲ.

1987ರ ಬರದ ನಂತರ ಅವರು ನೀರಿನ ಕಡೆ ತಿರುಗಿದರು. ಬೆಟ್ಟದ ನೆತ್ತಿಯಲ್ಲೂ ಕಣಿವೆಯ ಬಾಯಲ್ಲೂ ಮಳೆನೀರು ನಿಲ್ಲಿಸುವ ಚಾಲ್, ಖಾಲ್ ಎಂಬ ಹೊಂಡಗಳನ್ನು ಮಾಡುವ ರೂಢಿ ಆ ಸೀಮೆಯಲ್ಲಿ ಹಿಂದಿನಿಂದಲೂ ಇತ್ತು. ಅದೇ ತಿಳಿವಳಿಕೆಯಿಂದ ಇಳಿಜಾರಿನ ಉದ್ದಕ್ಕೂ ಸಾವಿರಾರು ಸಣ್ಣ ಇಂಗುಗುಂಡಿಗಳನ್ನು ತೋಡಿ, ಮಣ್ಣು ಕುಸಿಯದಂತೆ ಅಂಚಿಗೆ ಗರಿಕೆ ಹಚ್ಚಿ, ಸುತ್ತ ಮರ ಬೆಳೆಸಿದರು. ಮಳೆಗಾಲದ ನಂತರ ಒಣಗಿಹೋಗುತ್ತಿದ್ದ ಒಂದು ಹಳ್ಳ ಮತ್ತೆ ಹರಿಯತೊಡಗಿತು. ಅದಕ್ಕೆ ಜನ ಗಾಡ್‌ಗಂಗಾ ಎಂದು ಹೆಸರಿಟ್ಟರು. ಈ ಕೆಲಸ ಸುತ್ತಲಿನ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಹಬ್ಬಿತು. ದೊಡ್ಡ ಅಣೆಕಟ್ಟೆಗಳ ಚರ್ಚೆಯಲ್ಲಿ ಮುಳುಗಿರುವ ನಮ್ಮ ಇಂಜಿನಿಯರುಗಳು ಒಮ್ಮೆ ಹೋಗಿ ನೋಡಬೇಕಾದ ಜಾಗ ಇದು.

ನಿಮ್ಮ ಪ್ರಶ್ನೆಯಲ್ಲಿ ಪರಿಸರವನ್ನೂ ಸಾಮಾಜಿಕ ಕೆಲಸವನ್ನೂ ಎರಡು ವಿಭಾಗಗಳಂತೆ ಕಂಡಿದ್ದೀರಿ. ಅಲ್ಲಿ ಅವು ಹಾಗೆ ಬೇರೆ ನಿಲ್ಲುವುದಿಲ್ಲ. ಅಲ್ಮೋರಾದ ಉತ್ತರಾಖಂಡ ಸೇವಾ ನಿಧಿಯು 1980ರ ದಶಕದ ಕೊನೆಯಿಂದ ಸ್ಥಳೀಯ ಸಣ್ಣ ಗುಂಪುಗಳ ಮೂಲಕ ಹಳ್ಳಿಗಳಲ್ಲಿ ಬಾಲವಾಡಿಗಳನ್ನು ನಡೆಸಿತು. ತಾಯಿ ಹುಲ್ಲು, ಸೌದೆ, ನೀರೆಂದು ಹಗಲಿಡೀ ಹೊರಗಿದ್ದಾಗ ತಮ್ಮ–ತಂಗಿಯರನ್ನು ನೋಡಿಕೊಳ್ಳಲು ಶಾಲೆ ಬಿಡುತ್ತಿದ್ದ ಹುಡುಗಿಯರಿಗೆ ಇದರಿಂದ ಬಿಡುವು ಸಿಕ್ಕಿತು. ಬಾಲವಾಡಿಯ ಅಂಗಳದಲ್ಲಿ ತಾಯಂದಿರು ಸೇರತೊಡಗಿದರು. ಮಕ್ಕಳ ಮಾತಿನಿಂದ ಶುರುವಾದದ್ದು ಕಾಲುದಾರಿ, ಒರತೆ, ಕುಡಿತ, ಕಾಡಿಗೆ ಬೀಳುವ ಬೆಂಕಿ ಎಂದು ಬೆಳೆದು ಮಹಿಳಾ ಸಂಘಟನೆಗಳಾದವು. ಕಾಡಿನ ಬಗ್ಗೆ ಒಂದೂ ಭಾಷಣ ಮಾಡದೆ ಕಾಡು ಉಳಿಸಿದ ಕ್ರಮ ಇದು. ಸಂಸ್ಥೆಯಲ್ಲಿ ನಿಮಗೆ ಬಾಲವಾಡಿಯ ಕೆಲಸ ಹಚ್ಚಿದರೆ ಅದು ಕಡಿಮೆಯದೆಂದು ದಯವಿಟ್ಟು ಭಾವಿಸಬೇಡಿ.

ಒರತೆಗಳ ವಿಷಯದಲ್ಲಿ ನನಗೆ ನೇರ ಅನುಭವವಿದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಿಮಾಲಯದ ಹಳ್ಳಿಗಳು ಕಣಿವೆಯಲ್ಲಿ ಹರಿಯುವ ದೊಡ್ಡ ನದಿಯ ನೀರನ್ನು ಕುಡಿಯುವುದಿಲ್ಲ. ಅವು ಬದುಕಿರುವುದು ಇಳಿಜಾರಿನ ಒರತೆಗಳನ್ನು ನಂಬಿ. ಕಲ್ಲು ಕಟ್ಟಿದ ಪುಟ್ಟ ಕೊಳದಂಥ ನೌಲಾ, ಸದಾ ಸುರಿಯುವ ಧಾರಾ, ಇವೇ ಊರಿನ ಜೀವ. ಭಾರತದ ಹಿಮಾಲಯ ಪ್ರದೇಶದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒರತೆಗಳು ಬತ್ತುತ್ತಿವೆ ಎಂದು ನೀತಿ ಆಯೋಗದ 2018ರ ವರದಿ ಹೇಳಿತು. ಬಾಂಜ್ ಎಂಬ ಓಕ್ ಮರದ ಕಾಡು ತೆಳುವಾಗಿ ಚೀಡ್ ಎಂಬ ಪೈನ್ ಹಬ್ಬಿದ್ದು, ಒಣಗಿದ ಪೈನ್ ಎಲೆಗೆ ಬೇಸಿಗೆಯಲ್ಲಿ ಬೆಂಕಿ ತಗಲುವುದು, ಗುಡ್ಡ ಕಡಿದು ಮಾಡುವ ರಸ್ತೆ, ಮಳೆಯ ಹದ ತಪ್ಪಿದ್ದು, ಹೀಗೆ ಕಾರಣಗಳು ಒಂದರ ಜೊತೆ ಒಂದು ಕೂಡಿಕೊಂಡಿವೆ. ಒರತೆಯ ಮೇಲ್ಭಾಗದಲ್ಲಿ ಗುಂಡಿ ತೋಡಿದ ಮಾತ್ರಕ್ಕೆ ನೀರು ಬರುವುದಿಲ್ಲ. ಬಂಡೆಯ ಪದರಗಳು ಬೆಟ್ಟದ ಆಚೆ ಬದಿಯಿಂದ ಈಚೆಗೆ ವಾಲಿಕೊಂಡಿದ್ದರೆ, ಈ ಊರಿನ ಒರತೆಗೆ ಬರುವ ನೀರು ಆಚೆಯ ಊರಿನ ಗೋಮಾಳದಲ್ಲಿ ಇಂಗಿರುತ್ತದೆ.

ಆಗ ಭೂವಿಜ್ಞಾನದಷ್ಟೇ ಮಾತುಕತೆಯೂ ಮುಖ್ಯವಾಗುತ್ತದೆ. ನಾವು ಕೆಲಸ ಮಾಡಿದ ಒಂದು ಕಡೆ ನೀರು ಇಂಗುವ ಜಾಗ ಮೇಲಿನ ಊರಿನದು, ನೀರು ಸಿಗುವುದು ಕೆಳಗಿನ ಊರಿಗೆ. ತಮ್ಮ ದನ ಮೇಯುವ ಜಾಗವನ್ನು ಯಾರದೋ ಕೊಡ ತುಂಬಲೆಂದು ಮೇಲಿನವರು ಏಕೆ ಮುಚ್ಚಬೇಕು? ತಿಂಗಳುಗಟ್ಟಲೆ ಮಾತು ನಡೆದ ಮೇಲೆ, ಕೆಳಗಿನವರು ತಮ್ಮ ವನ ಪಂಚಾಯತ್ ಕಾಡಿನ ಒಂದು ಬದಿಯ ಹುಲ್ಲನ್ನು ಮೇಲಿನವರಿಗೆ ಬಿಟ್ಟುಕೊಡಲು ಒಪ್ಪಿದರು. ಗುಂಡಿ ತೋಡುವ ಕೂಲಿಯಲ್ಲೂ ಎರಡು ಊರು ಪಾಲು ಹಂಚಿಕೊಂಡವು. ಒರತೆಯ ನೀರನ್ನು ಅಳೆಯುತ್ತಿದ್ದವಳು ಹನ್ನೆರಡನೇ ತರಗತಿ ಮುಗಿಸಿ ಮನೆಯಲ್ಲಿದ್ದ ಊರಿನ ಹುಡುಗಿ. ಧಾರೆಯ ಕೆಳಗೆ ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಮೊಬೈಲಿನಲ್ಲಿ ನೋಡಿ, ನಿಮಿಷಕ್ಕೆ ಎಷ್ಟು ಲೀಟರ್ ಎಂದು ಲೆಕ್ಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುವಳು. ಆ ನೋಟ್‌ಬುಕ್ ಊರಿನಲ್ಲೇ ಇತ್ತು ಎನ್ನುವುದು ಬಹಳ ಮುಖ್ಯ, ಏಕೆಂದರೆ ವಾದ ಎದ್ದಾಗಲೆಲ್ಲ ಜನ ಅದನ್ನೇ ತೆರೆದು ನೋಡುತ್ತಿದ್ದರು. ಸಿಕ್ಕಿಂನಲ್ಲಿ 2008ರಲ್ಲಿ ಆರಂಭವಾದ ‘ಧಾರಾ ವಿಕಾಸ’ ಯೋಜನೆ ಇದೇ ಕೆಲಸವನ್ನು ಉದ್ಯೋಗ ಖಾತರಿಯ ಕೂಲಿಯೊಂದಿಗೆ ಜೋಡಿಸಿತು. ಸರ್ಕಾರ ಮನಸ್ಸು ಮಾಡಿದರೆ ಇದು ಒಂದೆರಡು ಊರಿಗೆ ನಿಲ್ಲಬೇಕಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಸಮುದಾಯ ಎಂದೊಡನೆ ಎಲ್ಲರೂ ಒಂದೇ ಎಂದುಕೊಳ್ಳಬೇಡಿ. ಶಿಲ್ಪಕಾರ ಎಂದು ಕರೆಯಲಾಗುವ ದಲಿತ ಕುಟುಂಬಗಳಿಗೆ ಜಮೀನು ಕಡಿಮೆ. ಅವರ ಬದುಕು ಊರೊಟ್ಟಿನ ಕಾಡನ್ನೇ ಹೆಚ್ಚು ನೆಚ್ಚಿಕೊಂಡಿರುತ್ತದೆ. ಕಾಡು ಮುಚ್ಚುವ ನಿರ್ಧಾರವಾದಾಗ ಮೊದಲ ಪೆಟ್ಟು ಬೀಳುವುದು ಅವರ ಒಲೆಗೆ. ಸಭೆಯಲ್ಲಿ ಅವರ ಮನೆಯ ಹೆಂಗಸರು ಕುಳಿತಿದ್ದಾರೆಯೇ, ಕುಳಿತವರು ಮಾತನಾಡುತ್ತಾರೆಯೇ ಎಂದು ಗಮನಿಸಿ. ಅವರಿಲ್ಲದೆ ಆದ ತೀರ್ಮಾನವನ್ನು ಊರಿನ ತೀರ್ಮಾನ ಎಂದು ನಾನು ಕರೆಯುವುದಿಲ್ಲ.

ಊರಿನ ಕೈ ಮೀರಿದ ಸಂಗತಿಗಳೂ ಇವೆ. ವನ ಪಂಚಾಯತ್ ನಿಯಮಗಳನ್ನು 1976, 2001 ಮತ್ತು 2005ರಲ್ಲಿ ತಿದ್ದಿದಾಗ ಹಿಡಿತ ಹಂತಹಂತವಾಗಿ ಇಲಾಖೆಗಳ ಕಡೆಗೆ ಸರಿಯಿತು. ಚಿಪ್ಕೋ ಫಲವಾಗಿ ಎತ್ತರದ ಕಾಡುಗಳಲ್ಲಿ ಹಸಿಮರ ಕಡಿಯುವುದಕ್ಕೆ ನಿಷೇಧ ಬಂದದ್ದು ದೊಡ್ಡ ಗೆಲುವು ನಿಜ, ಆದರೆ ಮನೆಯ ತೊಲೆಗೆ ಒಂದು ಮರ ಬೇಕಾದ ಹಳ್ಳಿಗನಿಗೆ ಅದರಿಂದ ಕಚೇರಿ ಅಲೆಯುವುದು ಹೆಚ್ಚಾಯಿತು ಎಂಬ ಬೇಸರವನ್ನು ಗಢವಾಲಿನಲ್ಲಿ ಇಂದಿಗೂ ಕೇಳಬಹುದು. 1974ರ ಮಾರ್ಚ್ 26ರಂದು ಗೌರಾ ದೇವಿಯವರು ಹೆಂಗಸರನ್ನು ಕಟ್ಟಿಕೊಂಡು ಮರ ಉಳಿಸಿದ ರೈಣಿ ಗ್ರಾಮದ ಬಳಿಯೇ ಜಲವಿದ್ಯುತ್ ಯೋಜನೆ ತಲೆ ಎತ್ತಿತು. 2021ರ ಫೆಬ್ರವರಿ 7ರ ಋಷಿಗಂಗಾ ಪ್ರವಾಹ ಅದನ್ನು ಕೊಚ್ಚಿಕೊಂಡು ಹೋಯಿತು, ಆ ದುರಂತದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ತನ್ನ ಕಾಡನ್ನು ಅಷ್ಟು ಧೈರ್ಯದಿಂದ ಕಾದ ಊರಿಗೆ ತನ್ನ ನದಿಯ ವಿಷಯದಲ್ಲಿ ‘ಬೇಡ’ ಎನ್ನುವ ಅಧಿಕಾರವಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟೂ ಸಂಕಟವೂ ಒಟ್ಟಿಗೆ ಆಗುತ್ತವೆ.

ವಲಸೆಯಂತೂ ಎಲ್ಲವನ್ನೂ ಒಳಗಿನಿಂದ ಟೊಳ್ಳಾಗಿಸುತ್ತಿದೆ. 2001ರಿಂದ 2011ರ ನಡುವೆ ಅಲ್ಮೋರಾ ಮತ್ತು ಪೌಡಿ ಜಿಲ್ಲೆಗಳ ಜನಸಂಖ್ಯೆಯೇ ಇಳಿಯಿತು; 2011ರ ನಂತರ 734 ಹಳ್ಳಿಗಳು ಪೂರ್ತಿ ಖಾಲಿಯಾದವು ಎಂದು ರಾಜ್ಯದ ವಲಸೆ ಆಯೋಗ 2018ರಲ್ಲಿ ಲೆಕ್ಕ ಕೊಟ್ಟಿತು. ಸರದಿ ಕಾಯಲು ಮನೆಗಳೇ ಇಲ್ಲದಿದ್ದರೆ ಯಾವ ಕಟ್ಟಳೆ ಉಳಿದೀತು?

ನಮ್ಮ ಉತ್ತರ ಕನ್ನಡಕ್ಕೂ ಈ ಬೆಟ್ಟಗಳಿಗೂ ನಂಟು ಹಳೆಯದು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತಾಗ ಅವರ ಮುಂದೆ ಚಿಪ್ಕೋ ಮಾದರಿಯಿತ್ತು. ಆದರೆ ನಮ್ಮಲ್ಲಿ ಸೊಪ್ಪಿನಬೆಟ್ಟದ, ಎಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಹಕ್ಕು ಅಡಿಕೆ ತೋಟ ಇದ್ದವರಿಗೆ ತೋಟದ ಲೆಕ್ಕದಲ್ಲಿ ಸಿಕ್ಕಿದ್ದು. ತೋಟವಿಲ್ಲದವನಿಗೆ ಅದರಲ್ಲಿ ಪಾಲಿಲ್ಲ. ಅಲ್ಲಿಯ ವನ ಪಂಚಾಯತ್ ಕಾಡು ಇಡೀ ಊರಿನದು. ದರಗು (ಉದುರಿದ ಒಣ ಎಲೆ) ಗುಡಿಸುವ, ಸೊಪ್ಪು ತರುವ ಕೆಲಸ ಎರಡೂ ಕಡೆ ಒಂದೇ ಆದರೂ ಹಕ್ಕಿನ ಈ ವ್ಯತ್ಯಾಸದಿಂದ ಊರಿನ ಒಗ್ಗಟ್ಟು ಬೇರೆಯದೇ ಆಕಾರ ಪಡೆಯುತ್ತದೆ. ಪಕ್ಕದ ನೇಪಾಳ ಇನ್ನೂ ಮುಂದೆ ಹೋಗಿ, 1993ರ ಅರಣ್ಯ ಕಾಯ್ದೆಯಲ್ಲಿಯೇ ಬಳಕೆದಾರರ ಗುಂಪುಗಳಿಗೆ ಕಾಡಿನ ನಿರ್ವಹಣೆ ಒಪ್ಪಿಸಿತು. ಅಂಥ ಗುಂಪುಗಳು ಈಗ 22,000ಕ್ಕೂ ಹೆಚ್ಚು.

ಆದ್ದರಿಂದ ನೀವು ಖಂಡಿತ ಹೋಗಿ. ಆದರೆ ಸೇರುವ ಮೊದಲು ಆ ಸಂಸ್ಥೆಯನ್ನು ಹೀಗೆ ಕೇಳಿ: ನೀವು ಐದು ವರ್ಷದ ಹಿಂದೆ ಬಿಟ್ಟುಬಂದ ಊರು ಯಾವುದು, ನಾನು ಅಲ್ಲಿಗೆ ಒಬ್ಬಳೇ ಅಥವಾ ಒಬ್ಬನೇ ಹೋಗಿ ಬರಬಹುದೇ? ಸಂತೋಷದಿಂದ ವಿಳಾಸ ಕೊಡುವವರ ಜೊತೆ ಕೆಲಸ ಮಾಡಿ. ಏಪ್ರಿಲ್‌ನಲ್ಲಿ ಸೇರಿದರೆ ಬೆಂಕಿಯ ಕಾಲ, ಒರತೆಗಳು ಸಣ್ಣಗಾಗುವ ಮೇ–ಜೂನ್, ಮಳೆ, ಹುಲ್ಲಿನ ಕೊಯ್ಲು, ಚಳಿ ಎಲ್ಲವನ್ನೂ ಒಂದು ವರ್ಷದೊಳಗೆ ಕಾಣುತ್ತೀರಿ. ಹಿಂದಿ ಸಾಕಾಗುತ್ತದೆ, ವಯಸ್ಸಾದ ಹೆಂಗಸರೊಡನೆ ಮಾತನಾಡಲು ಸ್ವಲ್ಪ ಕುಮಾಊನಿ ಅಥವಾ ಗಢವಾಲಿ ಕಲಿಯಬೇಕಾಗುತ್ತದೆ. ಮೊದಲ ಎರಡು ತಿಂಗಳು ಯಾವ ಸಲಹೆಯನ್ನೂ ಕೊಡದೆ ಅವರ ಜೊತೆ ಹುಲ್ಲಿಗೆ, ನೀರಿಗೆ ಹೋಗಿ ಬನ್ನಿ. ಯಾವ ಜಿಲ್ಲೆಗೆ ಹೋಗುತ್ತೀರೆಂದು ತಿಳಿಸಿದರೆ, ಅಲ್ಲಿ ಮೊದಲು ನೋಡಬೇಕಾದ ವನ ಪಂಚಾಯತ್‌ಗಳ ಬಗ್ಗೆ ಇನ್ನಷ್ಟು ಬರೆಯಬಲ್ಲೆ.