‘ಕೆರೆ’ ಹುಡುಕಿದರೆ ‘ಕೆಱೆ’ ಸಿಗದು

ಮಾನ್ಯರೇ,

ಎಂ.ಎ. ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದಿ ಬೇಸತ್ತು ಬರೆದಿದ್ದೀರಿ: ‘ಗ್ರಂಥಾಲಯದ ಮೆಟ್ಟಿಲು ಹತ್ತುವವರಿಲ್ಲ, ಅಂತರ್ಜಾಲದಲ್ಲಿ ಮೊದಲು ಕಂಡ ಮೂರು ಪುಟಗಳೇ ಇವರಿಗೆ ಸಂಶೋಧನೆ.’ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಗ್ರಂಥಾಲಯದ ಕಾಲದಲ್ಲೂ ಗೈಡು ನೋಡಿ ಬರೆದವರು ಕಡಿಮೆಯಿರಲಿಲ್ಲ; ಅವರಲ್ಲಿ ನಾನೂ ಒಬ್ಬ. ಸೋಮಾರಿಗಳ ಮಾತು ಬಿಡಿ. ಶ್ರದ್ಧೆಯಿಂದ ಹುಡುಕುವವರೂ ಎಡವುತ್ತಿರುವುದು ನನಗೆ ದಿಗಿಲು ಹುಟ್ಟಿಸುತ್ತದೆ.

ಕಳೆದ ವರ್ಷ ಶಾಸನೋಕ್ತ ಕೆರೆಗಳ ಬಗ್ಗೆ ತರುಣರೊಬ್ಬರು ನಮ್ಮ ಪತ್ರಿಕೆಗೆ ಲೇಖನ ಕಳುಹಿಸಿದ್ದರು. ಗಣಕದಲ್ಲಿದ್ದ ಶಾಸನಪಾಠಗಳಲ್ಲಿ ‘ಕೆರೆ’ ಎಂದು ಹುಡುಕಿ, ಸಿಕ್ಕಿದ್ದನ್ನು ಎಣಿಸಿ, ಹಳೆಯ ಶಾಸನಗಳಲ್ಲಿ ಕೆರೆಯ ಪ್ರಸ್ತಾಪ ವಿರಳವೆಂದು ತೀರ್ಮಾನಿಸಿದ್ದರು. ಹಳಗನ್ನಡದಲ್ಲಿ ಆ ಪದ ‘ಕೆಱೆ’. ಶಕಟರೇಫವೆಂಬ ಈ ಹಳೆಯ ಅಕ್ಷರ ‘ಱ’ ಮುಂದೆ ರಕಾರದಲ್ಲಿ ಕರಗಿಹೋಯಿತೆಂಬುದು ನಮಗೆ ಗೊತ್ತು, ಯಂತ್ರಕ್ಕೆ ಎರಡೂ ಬೇರೆ ಬೇರೆ ಅಕ್ಷರ. ‘ಹಳ್ಳಿ’ ಕೇಳಿದವರಿಗೆ ಅದು ಹಳೆಯ ರೂಪವಾದ ‘ಪಳ್ಳಿ’ಯನ್ನೂ ಕೊಡುವುದಿಲ್ಲ. ಶಾಸನ ಸಂಪುಟಗಳ ಹಾಳೆಗಳನ್ನು ಒಂದು ಮಧ್ಯಾಹ್ನ ಮಗುಚಿದ್ದರೆ ಸಾಕಿತ್ತು, ಆ ‘ಱ’ ತಾನಾಗಿ ಕಣ್ಣಿಗೆ ಬೀಳುತ್ತಿತ್ತು.

ಷಿಕಾಗೋ ವಿಶ್ವವಿದ್ಯಾಲಯದ ಜೇಮ್ಸ್ ಇವಾನ್ಸ್ 3.4 ಕೋಟಿ ವಿದ್ವತ್ ಲೇಖನಗಳನ್ನು ಜಾಲಾಡಿ, 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದೂ ಇದರ ನೆಂಟನೇ: ಹಳೆಯ ಸಂಚಿಕೆಗಳು ಅಂತರ್ಜಾಲಕ್ಕೆ ಬಂದಷ್ಟೂ ವಿದ್ವಾಂಸರು ಉಲ್ಲೇಖಿಸುವುದು ಹೊಸ ಲೇಖನಗಳನ್ನು, ಅದೂ ಕೆಲವೇ ಕೆಲವನ್ನು. ಇದನ್ನು ಒಪ್ಪದವರೂ ಇದ್ದಾರೆ. ನನಗಂತೂ ನಂಬಿಕೆ ಬರುತ್ತದೆ. ಬೇಕಾದ ಪುಟಕ್ಕೆ ನೇರವಾಗಿ ಇಳಿದವರಿಗೆ ಪಕ್ಕದ ಪುಟ ಕಾಣುವುದೆಲ್ಲಿ?

ಹಾಗೆಂದು ಹಿಂದಿನ ಕಾಲಕ್ಕೆ ಮರಳಲು ನಾನು ಸಿದ್ಧನಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ಶಾಸನಮಾಲೆ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ನೋಡಲು ನಾನು ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗುತ್ತಿದ್ದೆ. ಈಗ ಬೀದರಿನ ವಿದ್ಯಾರ್ಥಿನಿಯೂ ಮನೆಯಲ್ಲೇ ಓದಬಹುದು. ಇನ್ನೊಂದು ತಮಾಷೆಯಿದೆ. ಸ್ಕ್ಯಾನ್ ಮಾಡಿಟ್ಟ ಹಳೆಯ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಬರಿಯ ಚಿತ್ರಗಳು. ಒಳಗಿನ ಅಕ್ಷರ ಹುಡುಕಾಟಕ್ಕೆ ಸಿಗದು, ಶೀರ್ಷಿಕೆಯೂ ವಿಚಿತ್ರ ರೋಮನ್ ಕಾಗುಣಿತದಲ್ಲಿರುತ್ತದೆ. ಅಲ್ಲಿ ಪುಟ ಮಗುಚದೆ ಗತ್ಯಂತರವೇ ಇಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ಅಂಥದೊಂದು ಸಂಪುಟದ ನಲವತ್ತು ಪುಟ ಕೊಟ್ಟು, ವಿಷಯವನ್ನು ಮಾತ್ರ ಕೊಡದೆ ನೋಡಿ.

ಆ ತರುಣರು ಐದು ತಿಂಗಳು ಕುಳಿತು ಲೇಖನವನ್ನು ಹೊಸದಾಗಿ ಬರೆದಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಬರಲಿದೆ. ನಮ್ಮ ಅಚ್ಚಿನ ಫಾಂಟಿನಲ್ಲಿ ‘ಱ’ ಇಲ್ಲದ್ದರಿಂದ, ಅದಿರುವ ಫಾಂಟಿಗಾಗಿ ಕಚೇರಿಯವರು ಈಗ ಅಂತರ್ಜಾಲದಲ್ಲಿ ಹುಡುಕುತ್ತಿದ್ದಾರೆ.

— ಸಂ.