ಶಾಸಕರ ಆಫೀಸಿಂದ ಕ್ಷೇತ್ರದ ಜನಕ್ಕೆ ಹೊಸ ಕಾನೂನು, ಅನುದಾನದ ಅಪ್‌ಡೇಟ್ ಕೊಡೋಕೆ ವಾಟ್ಸಾಪ್ ಒಳ್ಳೇದಾ, ಪುಸ್ತಕ ಮಾಡಿಸೋದು ಒಳ್ಳೇದಾ?

ಹೊಸದಾಗಿ ಶಾಸಕರ ಆಫೀಸಿಗೆ ಸೇರಿದೀನಿ, 'ಬಿಡುಗಡೆಯಾದ ಅನುದಾನ' ಅಂತ 43 ಕಾಮಗಾರಿಗಳ ಪಟ್ಟಿ ಕೈಗೆ ಕೊಟ್ಟು ಜನಕ್ಕೆ ತಲುಪಿಸು ಅಂದಿದಾರೆ ಅಂತ ಬರ್ದಿದೀರಲ್ಲ, ಅದನ್ನ ಓದ್ತಿದ್ದಂಗೆ ನನಗೆ 2023ರ ಫೆಬ್ರವರಿ ಕಣ್ಮುಂದೆ ಬಂತು. ವಾಟ್ಸಾಪಾ ಪುಸ್ತಕಾನಾ ಅನ್ನೋದು ಆಮೇಲೆ ನೋಡೋಣ. ನಿಮ್ಮ ಪಟ್ಟಿಯ ತಲೆಬರಹದಲ್ಲಿರೋ ಆ 'ಬಿಡುಗಡೆ' ಅನ್ನೋ ಪದದ ಬಗ್ಗೆ ಮೊದ್ಲು ಹೇಳ್ಬೇಕು, ಯಾಕಂದ್ರೆ ನನ್ನ ಕೆಲಸ ಹೋಗಿದ್ದು ಅದೇ ಪದದಿಂದ.

ನಾನು ಬಯಲುಸೀಮೆಯ ಒಂದು ಕ್ಷೇತ್ರದಲ್ಲಿ ಶಾಸಕರ ಹತ್ರ ಆಪ್ತ ಸಹಾಯಕನಾಗಿದ್ದೆ. ಹೆಸರಿಗೆ ಪಿ.ಎ., ಮಾಡ್ತಿದ್ದಿದ್ದು ಮಾತ್ರ ಎಲ್ಲಾ. ಮದುವೆ ಪತ್ರಿಕೆ ಲಿಸ್ಟು, ವರ್ಗಾವಣೆ ಲೆಟರ್ರು, ಅಧಿವೇಶನ ಬಂದ್ರೆ ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲಿ ಮಂತ್ರಿ ಬಾಯಲ್ಲೇ ಉತ್ತರ ಹೇಳ್ಬೇಕಾದ್ದು) ಟೈಪ್ ಮಾಡೋದು, ತಾಲೂಕು ಕೆಡಿಪಿ ಸಭೆಗೆ (ಇಲಾಖೆಗಳ ಕೆಲಸ ಎಲ್ಲಿಗೆ ಬಂತು ಅಂತ ನೋಡೋ ಸಭೆ) ಇಲಾಖೆಯೋರಿಂದ ಪ್ರಗತಿ ವರದಿ ಬೇಡೋದು. ಎಲೆಕ್ಷನ್ ಹತ್ರ ಬರ್ತಿತ್ತು, ಐದು ವರ್ಷದ ಕೆಲಸ ಎಲ್ಲಾ ಒಂದು ಪುಸ್ತಕ ಮಾಡಿ ಮನೆಮನೆಗೆ ಹಂಚೋಣ ಅಂತ ಸಾಹೇಬ್ರು ಅಂದ್ರು. 32 ಪುಟ, 12 ಸಾವಿರ ಪ್ರತಿ, ಬಣ್ಣದ್ದು. ಬರೆಯೋ ಜವಾಬ್ದಾರಿ ನಂದು, ಖುಷೀನೂ ಇತ್ತು, ಸುಳ್ಳು ಹೇಳಲ್ಲ.

ಆ ಪುಸ್ತಕದ 19ನೇ ಪುಟದಲ್ಲಿ ಒಂದು ಟೇಬಲ್. ಊರು, ಕಾಮಗಾರಿ, ಮೊತ್ತ, ಹಂತ ಅಂತ ನಾಕು ಕಾಲಂ. ಒಂದು ಗೊಲ್ಲರಹಟ್ಟಿಗೆ ಕೂಡು ರಸ್ತೆ ಮತ್ತು ಹಳ್ಳಕ್ಕೆ ಅಡ್ಡವಾಗಿ ಒಂದು ಸಣ್ಣ ಸೇತುವೆ, 85 ಲಕ್ಷ. ನನ್ನ ಕೈಲಿದ್ದ ಸರ್ಕಾರಿ ಆದೇಶದಲ್ಲಿ ಇದ್ದಿದ್ದು 'ಆಡಳಿತಾತ್ಮಕ ಅನುಮೋದನೆ' ಅಂತ. ಡಿಟಿಪಿ ಹುಡುಗ ಹೇಳಿದ, ಅಣ್ಣಾ ಈ ಪದ ಕಾಲಂನಲ್ಲಿ ಕೂರ್ತಿಲ್ಲ, ಮೂರು ಸಾಲಾಗ್ತಿದೆ, ಟೇಬಲ್ ಮುಂದಿನ ಪೇಜಿಗೆ ಹೋಗುತ್ತೆ ಅಂತ. ರಾತ್ರಿ ಹನ್ನೊಂದೂವರೆ. ಪ್ರೆಸ್ಸಿನೋನು ಪ್ಲೇಟ್ ಮಾಡೋಕೆ ಕಾಯ್ತಿದ್ದ. ನಾನು 'ಬಿಡುಗಡೆ' ಅಂತ ಹಾಕು ಮಾರಾಯ, ಎರಡೂ ಒಂದೇ ಅಂದೆ.

ಎರಡೂ ಒಂದೇ ಅಲ್ಲ. ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಬೇಜಾರಾದ್ರೂ ಓದಿ.

ಆಡಳಿತಾತ್ಮಕ ಅನುಮೋದನೆ ಅಂದ್ರೆ ಈ ಕೆಲಸ ಇಷ್ಟು ದುಡ್ಡಲ್ಲಿ ಮಾಡ್ಬೋದು ಅಂತ ಸರ್ಕಾರ ತಲೆ ಆಡಿಸ್ತು ಅಂತ, ಅಷ್ಟೇ. ಒಂದು ರೂಪಾಯಿನೂ ಎಲ್ಲಿಂದ ಎಲ್ಲಿಗೂ ಹೋಗಿರಲ್ಲ. ಅದಾದ್ಮೇಲೆ ಇಂಜಿನಿಯರ್ ಕಡೆಯಿಂದ ಪಕ್ಕಾ ಎಸ್ಟಿಮೇಟ್ ಆಗಿ ತಾಂತ್ರಿಕ ಮಂಜೂರಾತಿ ಸಿಗ್ಬೇಕು, ಆಮೇಲೆ ಟೆಂಡರ್, ಟೆಂಡರಲ್ಲಿ ಯಾರೂ ಬರ್ದಿದ್ರೆ ಮತ್ತೆ ಟೆಂಡರ್, ಬಂದ್ರೆ ರೇಟು ಒಪ್ಪಿ ಅಗ್ರಿಮೆಂಟ್, ಆಮೇಲೆ ವರ್ಕ್ ಆರ್ಡರ್, ಆಮೇಲೆ ಜೆಸಿಬಿ. ಕೆಲಸ ಆದ್ಮೇಲೆ ಇಂಜಿನಿಯರ್ ಬಂದು ಅಳತೆ ತಗೊಂಡು ಎಂ.ಬಿ. ಬುಕ್ಕಲ್ಲಿ, ಅಂದ್ರೆ ಅಳತೆ ಪುಸ್ತಕದಲ್ಲಿ ಬರೀಬೇಕು, ಬಿಲ್ ಮೇಲಕ್ಕೆ ಹೋಗ್ಬೇಕು, ಆಗ ದುಡ್ಡು ಬಿಡುಗಡೆ ಆಗೋದು. ಅಂದ್ರೆ ಬಿಡುಗಡೆ ಅನ್ನೋದು ಕಟ್ಟಕಡೇ ಮೆಟ್ಲು. ರಸ್ತೆ, ಸೇತುವೆ ಕೆಲಸಗಳಲ್ಲಿ ಗುತ್ತಿಗೆದಾರ ಮೊದ್ಲು ಕೈಯಿಂದ ಹಾಕಿ ಮಾಡ್ತಾನೆ, ಸರ್ಕಾರ ಆಮೇಲೆ ಕೊಡುತ್ತೆ, ಬಾಕಿ ಬಿಲ್ಲು ಬಾಕಿ ಬಿಲ್ಲು ಅಂತ ಗುತ್ತಿಗೆದಾರರು ಯಾವ ಸರ್ಕಾರ ಬಂದ್ರೂ ಬಾಯಿ ಬಡ್ಕೊಳೋದು ಇದಕ್ಕೇ. ನಾನು ಮೊದಲ್ನೇ ಮೆಟ್ಲಲ್ಲಿದ್ದ ಕೆಲಸಾನ ಕೊನೇ ಮೆಟ್ಲಲ್ಲಿದೆ ಅಂತ 12 ಸಾವಿರ ಮನೆಗೆ ಬರ್ದು ಕಳ್ಸಿದ್ದೆ. ಆದೇಶದ ಕೊನೇ ಪ್ಯಾರಾದಲ್ಲಿ 'ಅನುದಾನದ ಲಭ್ಯತೆಗೆ ಒಳಪಟ್ಟು' ಅಂತ ಬೇರೆ ಇತ್ತು. ಓದಿದ್ದೆ, ಓದಿರ್ಲಿಲ್ಲ ಅಂತಲ್ಲ. ಎಲ್ಲಾ ಆದೇಶದಲ್ಲೂ ಇರೋ ಸಾಲು ಅಂತ ಬಿಟ್ಟಿದ್ದೆ.

ಮಾರ್ಚ್ 29ಕ್ಕೆ ಎಲೆಕ್ಷನ್ ಡಿಕ್ಲೇರ್ ಆಯ್ತು, ನೀತಿ ಸಂಹಿತೆ ಬಂತು. ನೀತಿ ಸಂಹಿತೆ ಅಂದ್ರೆ ಫ್ಲೆಕ್ಸ್ ತೆಗೆಯೋದು, ಸರ್ಕಾರಿ ಗೆಸ್ಟ್ ಹೌಸ್ ಕೊಡದೇ ಇರೋದು ಅಂತಷ್ಟೇ ಜನ ಅನ್ಕೊಂಡಿರ್ತಾರೆ. ಅದರಲ್ಲಿ ಇನ್ನೊಂದಿದೆ. ವರ್ಕ್ ಆರ್ಡರ್ ಕೈಗೆ ಬಂದಿದ್ರೂ ಜಾಗದಲ್ಲಿ ಕೆಲಸ ಶುರುವಾಗಿಲ್ಲ ಅಂದ್ರೆ ಎಲೆಕ್ಷನ್ ಮುಗಿಯೋವರೆಗೆ ಶುರು ಮಾಡಂಗಿಲ್ಲ. ನಮ್ಮ ಹಟ್ಟಿ ರಸ್ತೆಗೆ ವರ್ಕ್ ಆರ್ಡರ್ ಹಾಳಾಗ್ಲಿ, ಟೆಂಡರೇ ಆಗಿರ್ಲಿಲ್ಲ. ಮೇ 10ಕ್ಕೆ ಮತದಾನ, 13ಕ್ಕೆ ರಿಸಲ್ಟ್, ಸರ್ಕಾರ ಬದಲಾಯ್ತು, ಹೊಸ ಸರ್ಕಾರ ಬಂದ ಅದೇ ತಿಂಗಳು ಹಿಂದಿನೋರ ಕಾಲದಲ್ಲಿ ಮಂಜೂರಾಗಿ ಶುರುವಾಗದೇ ಇರೋ ಕೆಲಸ ಎಲ್ಲಾ ನಿಲ್ಸಿ ಅಂತ ಆದೇಶ ಬಂತು. ಅದರಲ್ಲಿ ಅಚ್ಚರಿ ಏನಿಲ್ಲ, ಎಲ್ಲಾ ಪಕ್ಷದೋರೂ ಮಾಡೋದೇ.

ಇಷ್ಟೇ ಆಗಿದ್ರೆ ನಾನಿಲ್ಲಿ ಕೂತು ಬರೀತಿರ್ಲಿಲ್ಲ. ಆಗಿದ್ದೇನಂದ್ರೆ, ಆ ಹಟ್ಟಿ ದಾರಿಗೆ ತಾಗಿ ಒಬ್ಬ ಅಜ್ಜನ ತೋಟ. ದಾರಿ ಅಗಲ ಮಾಡೋಕೆ ಅವನ ಅಂಚಿನ ಐದು ತೆಂಗಿನ ಮರ ಅಡ್ಡ ಅಂತ ಹಟ್ಟಿಯೋರು ವರ್ಷಗಟ್ಲೆ ಜಗಳ ಆಡ್ತಿದ್ರು. ನಮ್ಮ ಪುಸ್ತಕ ಬಂತಲ್ಲ, ಅಜ್ಜ ಓದಿಸ್ಕೊಂಡು ಕೇಳಿದಾನೆ. ದುಡ್ಡು ಬಿಡುಗಡೆ ಆಗಿದೆ, ನನ್ನಿಂದ ಊರಿನ ರಸ್ತೆ ನಿಂತೋಯ್ತು ಅನ್ನಿಸ್ಕೊಳೋದು ಬೇಡ ಅಂತ ಮಗನ ಕೈಲಿ ಐದೂ ಮರ ಕಡಿಸಿಬಿಟ್ಟಿದಾನೆ. ಫಸಲು ಕೊಡ್ತಿದ್ದ ಮರ. ಆ ವರ್ಷ ಕೊಬ್ಬರಿ ರೇಟು ನೆಲ ಕಚ್ಚಿತ್ತು ನಿಜ, ಆದ್ರೂ ಮರ ಮರಾನೇ.

ಏಪ್ರಿಲಲ್ಲಿ ಒಂದಿನ ಬೆಳಗ್ಗೆ ನಮ್ಮನೆ ಹತ್ರಾನೇ ಬಂದ. ಪಂಚೆ, ಬಿಳಿ ಅಂಗಿ, ಜೇಬಲ್ಲಿ ಆ 19ನೇ ಪುಟ, ನಾಕು ಮಡಿಕೆ ಮಾಡಿ ಇಟ್ಕೊಂಡಿದ್ದ. ಬೈತಾನೆ ಅನ್ಕೊಂಡೆ. ಬೈಲಿಲ್ಲ. ಜಗಲಿ ಮೇಲೆ ಕೂತು ಹಾಳೆ ಬಿಚ್ಚಿ, ಬೆರಳಿಟ್ಟು ತೋರ್ಸಿ ಕೇಳ್ದ, "ಬಿಡುಗಡೆ ಆಗೈತೆ ಅಂತ ಬರ್ದಿದೀಯಲ್ಲಪ್ಪ, ಜೈಲಿಂದ ಬಿಡುಗಡೆ ಆದೋನೂ ಸಂಜೆ ಹೊತ್ತಿಗೆ ಮನೆ ಸೇರ್ಕೊತಾನೆ, ಈ ದುಡ್ಡು ಎಲ್ಲಿಗ್ ಹೋಯ್ತು?"

ನನ್ನ ಹತ್ರ ಉತ್ತರ ಇತ್ತು. ಆಡಳಿತಾತ್ಮಕ, ತಾಂತ್ರಿಕ, ಟೆಂಡರ್, ಎಲ್ಲಾ ಗೊತ್ತಿತ್ತು. ಬಾಯಿ ಬರ್ಲಿಲ್ಲ. ಅಮ್ಮ ಕಾಫಿ ತಂದ್ಕೊಟ್ರು, ಕುಡ್ದು ಎದ್ದೋದ.

ಅಷ್ಟೊತ್ತಿಗೆ ಎದುರು ಪಾರ್ಟಿಯೋರಿಗೂ ಅದೇ ಪುಟ ಸಿಕ್ಕಿತ್ತು. 85 ಲಕ್ಷ ಬಿಡುಗಡೆ ಅಂತ ಶಾಸಕರೇ ಬರ್ಕೊಂಡಿದಾರೆ, ರಸ್ತೆ ಇಲ್ಲ, ಹಾಗಾದ್ರೆ ನುಂಗಿದ್ಯಾರು ಅಂತ ಆಟೋದಲ್ಲಿ ಮೈಕ್ ಕಟ್ಕೊಂಡು ಹೇಳ್ಕೊಂಡು ಹೋದ್ರು. ನಮ್ಮ ಶಾಸಕರು ನೂರು ತಪ್ಪು ಮಾಡಿರ್ಬೋದು, ಈ ದುಡ್ಡು ಮಾತ್ರ ತಿಂದಿರ್ಲಿಲ್ಲ, ಯಾಕಂದ್ರೆ ತಿನ್ನೋಕೆ ದುಡ್ಡೇ ಬಂದಿರ್ಲಿಲ್ಲ! ಆದ್ರೆ ಅದನ್ನ ಹೇಳ್ಬೇಕಂದ್ರೆ ನಮ್ಮ ಪುಸ್ತಕ ಸುಳ್ಳು ಅಂತ ನಾವೇ ಒಪ್ಕೋಬೇಕು. ಸಾಹೇಬ್ರು ಸೋತ್ರು. ನನ್ನ ಒಂದು ಪದದಿಂದ ಸೋತ್ರು ಅಂತ ನಾನು ಹೇಳಲ್ಲ, ಅಷ್ಟು ದೊಡ್ಡ ಮನುಷ್ಯ ನಾನಲ್ಲ, ಆದ್ರೆ ಆಮೇಲೆ ಚುನಾವಣಾ ಫಲಿತಾಂಶದ ಪಟ್ಟಿ, ಫಾರಂ 20ರಲ್ಲಿ ಬೂತ್‌ವಾರು ಲೆಕ್ಕ ತೆಗ್ದು ನೋಡ್ದೆ, 2018ರಲ್ಲಿ ಲೀಡ್ ಕೊಟ್ಟಿದ್ದ ಆ ಹಟ್ಟಿ ಬೂತು ಪೂರ್ತಿ ಮಗುಚಿಕೊಂಡಿತ್ತು. ಒಂದು ವಾರಕ್ಕೆ ನನಗೆ ಬೇರೆ ಎಲ್ಲಾದ್ರೂ ನೋಡ್ಕೋ ಅಂದ್ರು. ನೋಡ್ಕೊಂಡೆ, ಈಗ ತಾಲೂಕು ಆಫೀಸ್ ಎದುರು ಸೈಬರ್ ಸೆಂಟರ್ ಇಟ್ಟಿದೀನಿ.

ಈಗ ನಿಮ್ಮ ಪ್ರಶ್ನೆ. ವಾಟ್ಸಾಪಾ ಪುಸ್ತಕಾನಾ ಅಂತ ಕೇಳಿದೀರಿ, ನನ್ನ ಪ್ರಕಾರ ಪ್ರಶ್ನೇನೇ ತಪ್ಪು. ಯಾವುದ್ರಲ್ಲಿ ಕಳ್ಸಿದ್ರೂ ಸುಳ್ಳು ಸುಳ್ಳೇ, ವಾಟ್ಸಾಪಲ್ಲಿ ಬೇಗ ಹೋಗುತ್ತೆ ಅಷ್ಟೇ. ಹಂತ ಬರೀರಿ. ಪ್ರತಿ ಕಾಮಗಾರಿ ಮುಂದೆ ಇವತ್ತಿನ ತಾರೀಖಿಗೆ ಅದು ಯಾವ ಮೆಟ್ಲಲ್ಲಿದೆ, ಮುಂದಿನ ಮೆಟ್ಲು ಯಾರ ಟೇಬಲ್ ಮೇಲಿದೆ. ಕಾಲಂ ಸಾಲಲ್ಲ ಅಂದ್ರೆ ಫೋಟೋ ಕಿತ್ತಾಕಿ. ನಿಮ್ಮ ಶಾಸಕರು ಒಪ್ಪಲ್ಲ ಅಂತೀರಾ? ಒಪ್ಪಲ್ಲ, ಗೊತ್ತು. 'ಇನ್ನೂ ಟೆಂಡರ್ ಆಗಿಲ್ಲ' ಅಂತ ಹಾಕಿದ್ರೆ ಮರ್ಯಾದೆ ಏನಾಗ್ಬೇಕು ಅಂತಾರೆ. ಆಗ ಈ ಅಜ್ಜನ ಕಥೆ ಹೇಳಿ.

ಇನ್ನೊಂದು, 'ಶಾಸಕರ ಅನುದಾನ' ಅಂತ ಬರೀಬೇಡಿ ದಯವಿಟ್ಟು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇರೋದು ವರ್ಷಕ್ಕೆ 2 ಕೋಟಿ, ಅದೂ ಶಾಸಕರ ಜೇಬಿಗೆ ಬರಲ್ಲ, ಜಿಲ್ಲಾಧಿಕಾರಿ ಹತ್ರ ಇರುತ್ತೆ, ಶಾಸಕರು ಈ ಕೆಲಸ ಮಾಡಿಸಿ ಅಂತ ಶಿಫಾರಸು ಮಾಡ್ಬೋದು. ನಮ್ಮ ಕ್ಷೇತ್ರದಲ್ಲಿ 180 ಊರು, ಭಾಗ ಹಾಕಿದ್ರೆ ಊರಿಗೆ ಒಂದು ಲಕ್ಷದ ಹನ್ನೊಂದು ಸಾವಿರ, ಒಂದು ಬಸ್ ಸ್ಟಾಪ್ ಶೆಲ್ಟರ್ರೂ ಎದ್ದು ನಿಲ್ಲಲ್ಲ. ಉಳಿದಿದ್ದೆಲ್ಲಾ ಲೋಕೋಪಯೋಗಿ, ಪಂಚಾಯತ್ ರಾಜ್, ಸಣ್ಣ ನೀರಾವರಿ ಅಂತ ಇಲಾಖೆ ದುಡ್ಡು. ಎಲ್ಲಾನೂ ಶಾಸಕರ ಹೆಸ್ರಿಗೆ ಬರ್ಕೊಂಡ್ರೆ ಕೆಲಸ ನಿಂತಾಗ ಬೈಗುಳಾನೂ ಅವರ ಹೆಸ್ರಿಗೇ ಬರುತ್ತೆ, ಅದನ್ನ ಬರ್ಕೊಳೋಕೆ ಯಾರೂ ರೆಡಿ ಇರಲ್ಲ.

ಹೊಸ ಕಾನೂನು ವಿಷಯಾನೂ ಇದೇ ಕಾಯಿಲೆ. ಸಂಪುಟ ಒಪ್ತು ಅಂದ ತಕ್ಷಣ ಪೋಸ್ಟರ್. 2024ರ ಜುಲೈಲಿ ಖಾಸಗಿ ಕಂಪನಿಲಿ ಕನ್ನಡಿಗರಿಗೆ ಉದ್ಯೋಗ ಮೀಸಲಾತಿ ಮಸೂದೆ ನೆನಪಿದ್ಯಾ? 15ನೇ ತಾರೀಖು ಸಂಪುಟದಲ್ಲಿ ಒಪ್ಪಿದ್ರು, 17ಕ್ಕೆ ತಡೆ ಹಿಡಿದ್ರು. ಮಧ್ಯದ ಒಂದೇ ದಿನದಲ್ಲಿ ನಮ್ಮ ಕಡೆ ಗ್ರೂಪುಗಳಲ್ಲಿ 'ಕಾನೂನು ಜಾರಿ, ಅಭಿನಂದನೆಗಳು' ಅಂತ ಎಷ್ಟು ಪೋಸ್ಟರ್ ಓಡಾಡ್ತು ಅಂದ್ರೆ, ಡಿಗ್ರಿ ಹುಡುಗ್ರು ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ನನ್ನ ಸೆಂಟರಿಗೆ ಬಂದು ಅಣ್ಣಾ ಅರ್ಜಿ ಎಲ್ಲಿ ಹಾಕೋದು ಅಂತಿದ್ರು. ಸಂಪುಟ ಒಪ್ಪಿದ್ರೆ ಅದು ಮಸೂದೆ. ವಿಧಾನಸಭೆ, ವಿಧಾನ ಪರಿಷತ್ತು ಎರಡೂ ದಾಟಿ, ರಾಜ್ಯಪಾಲರ ಸಹಿ ಬಿದ್ದು, ಗೆಜೆಟ್ಟಲ್ಲಿ ಬಂದ್ಮೇಲೆ ಕಾನೂನು. ಅದಕ್ಕೂ ನಿಯಮ ಮಾಡೋವರೆಗೆ ಆಫೀಸಲ್ಲಿ ಕೇಳಿದ್ರೆ 'ಇನ್ನೂ ಸರ್ಕ್ಯುಲರ್ ಬಂದಿಲ್ಲ' ಅಂತಾರೆ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಾಗುತ್ತೆ ಇನ್ಮುಂದೆ.

2025ರ ಫೆಬ್ರವರಿಲಿ ಬಂದ ಮೈಕ್ರೋ ಫೈನಾನ್ಸ್ ಸುಗ್ರೀವಾಜ್ಞೆ ಇನ್ನೂ ಒಳ್ಳೇ ಉದಾಹರಣೆ. ರಾಜ್ಯಪಾಲರು ಒಂದ್ಸಲ ವಾಪಸ್ ಕಳ್ಸಿದ್ರು, ಮತ್ತೆ ಕಳ್ಸಿದ್ಮೇಲೆ 12ನೇ ತಾರೀಖು ಸಹಿ ಹಾಕಿದ್ರು. ಸಾಲ ವಸೂಲಿಗೆ ಕಿರುಕುಳ ಕೊಟ್ರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇದನ್ನ ಎಲ್ಲರೂ ಹಾಕಿದ್ರು. ಆದ್ರೆ ರಿಸರ್ವ್ ಬ್ಯಾಂಕಲ್ಲಿ ನೋಂದಣಿ ಆಗಿರೋ ಬ್ಯಾಂಕು, ಹಣಕಾಸು ಕಂಪನಿಗಳಿಗೆ ಇದು ಅನ್ವಯ ಆಗಲ್ಲ, ನೋಂದಣಿ ಇಲ್ಲದೇ ಸಾಲ ಕೊಡೋರಿಗೆ ಮಾತ್ರ ಅಂತ ಪೋಸ್ಟರಲ್ಲಿ ಒಂದೇ ಒಂದು ಸಾಲು ಹಾಕಿದೋರನ್ನ ನಾನು ನೋಡ್ಲಿಲ್ಲ. ಸಂಘದ ಹೆಂಗಸ್ರು ಬಂದು ಕೇಳ್ತಿದ್ರು, ಈ ವಾರದ ಕಂತು ಕಟ್ಟಂಗಿಲ್ವಂತೆ ಹೌದಾಣ್ಣ ಅಂತ. ಕಟ್ಟಿ ಅಕ್ಕಾ, ನಿಮ್ದು ನೋಂದಣಿ ಇರೋ ಕಂಪನಿ ಅಂತ ಪಾಸ್‌ಬುಕ್ ನೋಡಿ ಹೇಳ್ಬೇಕಾಗಿತ್ತು. ಒಂದಿಬ್ರು ಅಷ್ಟೊತ್ತಿಗೆ ಎರಡು ಕಂತು ಬಿಟ್ಟಾಗಿತ್ತು. ಕಾನೂನಿನ ಬಗ್ಗೆ ಬರ್ದಾಗ ಯಾರಿಗೆ ಅನ್ವಯ ಅನ್ನೋದಕ್ಕಿಂತ ಯಾರಿಗೆ ಅನ್ವಯ ಇಲ್ಲ ಅನ್ನೋದನ್ನ ಮೊದ್ಲು ಬರೀರಿ. ಶಾಸಕರಿಗೆ ಇಷ್ಟ ಆಗಲ್ಲ, ಜನಕ್ಕೆ ಬೇಕಾಗಿರೋದು ಅದೇ.

ಮತ್ತೆ ವಾಟ್ಸಾಪಾ ಪುಸ್ತಕಾನಾ ಅಂತ ಬಿಡಲ್ಲ ಅಂದ್ರೆ, ಎರಡೂ ಬೇಡ ಅಂತೀನಿ. ಪಂಚಾಯ್ತಿಗೊಂದು ಎ ಫೋರ್ ಹಾಳೆ, ಆ ಪಂಚಾಯ್ತಿ ಊರುಗಳ ಕೆಲಸ ಮಾತ್ರ, ಕೆಳಗೆ ಸೆಕ್ಷನ್ ಇಂಜಿನಿಯರ್ ಆಫೀಸ್ ನಂಬರ್. ಪಂಚಾಯ್ತಿ ಆಫೀಸ್ ಗೋಡೆ, ಹಾಲಿನ ಡೈರಿ, ಟೀ ಅಂಗಡಿ, ಅಷ್ಟು ಕಡೆ ಅಂಟಿಸಿ. ಡೈರಿಲಿ ಬೆಳಗ್ಗೆ ಸಂಜೆ ಎರಡು ಹೊತ್ತು ಇಡೀ ಊರು ಕ್ಯೂ ನಿಂತಿರುತ್ತೆ, ಓದ್ತಾರೆ. ಮೂರು ತಿಂಗಳಿಗೊಮ್ಮೆ ಕೆಡಿಪಿ ಸಭೆ ಆದ ಮಾರನೇ ದಿನ ಹಾಳೆ ಬದಲಾಯ್ಸಿ, ಹಂತದ ಕಾಲಂ ತಾನಾಗೇ ಸಿಗುತ್ತೆ, ಸಭೇಲಿ ಅಧಿಕಾರಿಗಳೇ ಹೇಳಿರ್ತಾರೆ.

ಅದಕ್ಕೆ ಮುಂಚೆ ಆ 43ರ ಪಟ್ಟಿ. ಒಂದೊಂದರ ಆದೇಶದ ಪ್ರತಿ ತೆಗ್ದು ಕೊನೇ ಪ್ಯಾರಾ ಓದಿ, ಆಮೇಲೆ ಎಷ್ಟಕ್ಕೆ ವರ್ಕ್ ಆರ್ಡರ್ ಆಗಿದೆ ಅಂತ ಎ.ಇ.ಇ.ಗೆ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಫೋನ್ ಮಾಡಿ ಕೇಳಿ. ಹತ್ತೂವರೆ ಒಳಗೆ ಮಾಡಿ, ಆಮೇಲೆ ಸೈಟಿಗೆ ಹೋದೆ ಅಂತ ಹೊರಟ್ರೆ ಸಂಜೆವರೆಗೂ ಫೋನ್ ಎತ್ತಲ್ಲ.