ಹತ್ತು ಗಂಟೆ ಓದಿಯೂ ಫೇಲ್: ಎಂಬಿಬಿಎಸ್ ಮೊದಲ ವರ್ಷದ ಒಂದು ಪ್ರಕರಣ

(ಗುರುತು ಸಿಗದಂತೆ ಮನೆಯ ಮತ್ತು ಕಾಲೇಜಿನ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮುಂಬಯಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದ ಹುಡುಗ. ಡೊಂಬಿವಲಿಯಲ್ಲಿ ಮನೆ, ದಿನಾ ಲೋಕಲ್ ರೈಲಿನ ಪ್ರಯಾಣ. ತಂದೆ ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಮುಂಬಯಿಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಹತ್ತನೆಯ ತರಗತಿ ಮುಗಿಸಿದವರು. ಈಗ ಒಂದು ಹೋಟೆಲಿನ ಮ್ಯಾನೇಜರ್. ಮಗ ಎರಡನೇ ಪ್ರಯತ್ನದಲ್ಲಿ ನೀಟ್ ಪಾಸಾಗಿ ಸೀಟು ಪಡೆದಾಗ ಸಮಾಜದ ಸಂಘದವರು ವೇದಿಕೆಗೆ ಕರೆದು, ಶಾಲು ಹೊದಿಸಿ, ವಿದ್ಯಾರ್ಥಿವೇತನ ಕೊಟ್ಟಿದ್ದರು.

ಮೊದಲ ಇಂಟರ್ನಲ್‌ನಲ್ಲಿ (ಕಾಲೇಜೇ ನಡೆಸುವ ಪರೀಕ್ಷೆ) ಬಂದದ್ದು ನೂರಕ್ಕೆ ಅನಾಟಮಿ (ದೇಹದ ರಚನೆ) 31, ಫಿಸಿಯಾಲಜಿ (ದೇಹದ ಕೆಲಸ) 38, ಬಯೋಕೆಮಿಸ್ಟ್ರಿ (ದೇಹದ ರಸಾಯನ) 44. ಮನೆಯಲ್ಲಿ "ಇನ್ನೂ ರಿಸಲ್ಟ್ ಹಾಕಿಲ್ಲ" ಎಂದು ಹೇಳಿದ್ದ. ಆಪ್ತಸಲಹೆಗೆಂದು ನಮ್ಮಲ್ಲಿಗೆ ಬಂದಾಗ ಹೇಳಿದ ಮೊದಲ ಮಾತು, "ಮೆಡಿಕಲ್ ನನಗೆ ಆಗಿಬರಲ್ಲ ಮೇಡಂ, ಸೀಟು ಬಿಡೋದು ಹೇಗೆ ಅಂತ ಹೇಳಿ."

ಓದಿನ ವಿಷಯಕ್ಕೆ ಹೋಗುವ ಮೊದಲು ಜೀವದ ವಿಷಯ ಕೇಳಬೇಕು. ಖಿನ್ನತೆಯ ತಪಾಸಣೆಗೆ ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಕೊಟ್ಟೆವು. 27ಕ್ಕೆ 11 ಬಂತು, ಅಂದರೆ ಮಧ್ಯಮ ಮಟ್ಟ. ಸಾಯುವ ಯೋಚನೆಯ ಬಗ್ಗೆ ಇರುವ ಒಂಬತ್ತನೆಯ ಪ್ರಶ್ನೆಗೆ ಅವನು ಸೊನ್ನೆ ಹಾಕಿದ್ದ. ಮೆಡಿಕಲ್ ವಿದ್ಯಾರ್ಥಿಗಳ ಆ ಸೊನ್ನೆಯನ್ನು ಹಾಗೆಯೇ ನಂಬಬಾರದು. ಹಾಳೆ ಯಾರ ಕೈಗೆ ಹೋಗುತ್ತದೋ ಎಂಬ ಲೆಕ್ಕ ಅವರ ತಲೆಯಲ್ಲಿರುತ್ತದೆ. ಬಾಯಿಬಿಟ್ಟು ನೇರವಾಗಿ ಕೇಳಿದೆವು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. "ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತೆ" ಎಂದ. ಯೋಜನೆ ಇರಲಿಲ್ಲ, ಹಿಂದೆ ಪ್ರಯತ್ನಿಸಿದ್ದೂ ಇಲ್ಲ. ಹಾಗಿದ್ದರೂ ಮನೋವೈದ್ಯರ ಬಳಿ ಕಳಿಸಿದೆವು, ಅದೂ ಅವನ ಕಾಲೇಜಿನ ಆಸ್ಪತ್ರೆಗಲ್ಲ. ನಾಳೆ ಪಾಠ ಹೇಳುವ, ಮೌಖಿಕ ಪರೀಕ್ಷೆಗೆ ಕೂರುವ ಪ್ರಾಧ್ಯಾಪಕರ ಮುಂದೆ ಯಾವ ವಿದ್ಯಾರ್ಥಿಯೂ ಮನಸ್ಸು ಬಿಚ್ಚುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕು ಕೊಟ್ಟಿದೆ ಎಂದು ತಿಳಿಸಿದೆವು. ಜೀವಕ್ಕೆ ಅಪಾಯವಿದೆ ಎನಿಸಿದರೆ ಮಾತ್ರ ಮನೆಯವರಿಗೆ ಹೇಳುತ್ತೇವೆ ಎಂಬುದನ್ನೂ ಮುಚ್ಚಿಡಲಿಲ್ಲ. ರಾತ್ರಿ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಮನೋವೈದ್ಯರು ಆಗ ಔಷಧ ಬರೆಯಲಿಲ್ಲ. ನಿದ್ರೆ ಸರಿಮಾಡಿಕೊಂಡು ಎರಡು ವಾರ ಬಿಟ್ಟು ಬರಲು ಹೇಳಿದರು. ಅವನು ದಿನಕ್ಕೆ ನಿದ್ರೆ ಮಾಡುತ್ತಿದ್ದುದು ನಾಲ್ಕೇ ಗಂಟೆ. ಕಾಫಿ ದಿನಕ್ಕೆ ಆರು ಲೋಟ.

ಇನ್ನು ಓದು. ಕಾಲೇಜಿಗೆ ಹೋದ ದಿನ ಐದು ಗಂಟೆ, ಹೋಗದ ದಿನ ಹತ್ತು ಗಂಟೆ ಓದುತ್ತಿದ್ದ. ಹೋಗದ ದಿನಗಳು ಹೆಚ್ಚುತ್ತಿದ್ದವು. ಶವ ಕತ್ತರಿಸಿ ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ, ಶವ ಕೆಡದಂತೆ ಬಳಸುವ ಫಾರ್ಮಲಿನ್‌ಗೆ ಕಣ್ಣು ಉರಿಯುತ್ತದೆ, ಟೇಬಲ್ ಸುತ್ತ ಇಷ್ಟು ಜನ ನಿಂತರೆ ಏನೂ ಕಾಣುವುದಿಲ್ಲ, ಅದಕ್ಕಿಂತ ಮನೆಯಲ್ಲಿ ಕೂತು ಓದುವುದೇ ಮೇಲು ಎಂಬುದು ಅವನ ವಾದ. ಪುಸ್ತಕ ತೋರಿಸಿದ. ನಾಲ್ಕು ಬಣ್ಣದ ಹೈಲೈಟರ್, ಬಣ್ಣ ಬಳಿಯದ ಸಾಲು ಹುಡುಕಬೇಕು. ಮೊಬೈಲಿನಲ್ಲಿ ಸೀನಿಯರ್‌ಗಳು ಟೆಲಿಗ್ರಾಂನಲ್ಲಿ ಹಂಚಿದ ಪಿಡಿಎಫ್‌ಗಳ ರಾಶಿ. (ಟಾಪರ್‌ಗಳ ಕೈಬರಹದ ನೋಟ್ಸ್ ಟಾಪರ್‌ಗೆ ಮಾತ್ರ ಉಪಯೋಗ. ಬರೆಯುವಾಗ ಆದ ಕೆಲಸ ಪಿಡಿಎಫ್‌ನಲ್ಲಿ ಬರುವುದಿಲ್ಲ.)

ಪುಸ್ತಕ ಮುಚ್ಚಿಸಿ ಖಾಲಿ ಹಾಳೆ ಕೊಟ್ಟೆವು. ಹಿಂದಿನ ರಾತ್ರಿಯಷ್ಟೇ ಮೂರನೇ ಸಲ ಓದಿದ್ದ ಬ್ರೇಕಿಯಲ್ ಪ್ಲೆಕ್ಸಸ್ (ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳ ಜಾಲ) ಬಿಡಿಸಲು ಹೇಳಿದೆವು. ಸಿ5ರಿಂದ ಟಿ1ವರೆಗಿನ ಐದು ಬೇರುಗಳು ಬಂದವು, ಮೂರು ಟ್ರಂಕ್ ಬಂದವು. ಡಿವಿಷನ್‌ಗಳಲ್ಲಿ ಪೆನ್ನು ನಿಂತಿತು. ಪೋಸ್ಟೀರಿಯರ್ ಕಾರ್ಡ್‌ನ ಐದು ಶಾಖೆಗಳಲ್ಲಿ ಎರಡು ಹೇಳಿದ. ಆಮೇಲೆ ಇನ್ನೊಂದು ಪ್ರಶ್ನೆ: ತೋಳಿನ ಹ್ಯೂಮರಸ್ ಮೂಳೆ ಸರ್ಜಿಕಲ್ ನೆಕ್‌ನಲ್ಲಿ ಮುರಿದರೆ, ರೇಡಿಯಲ್ ಗ್ರೂವ್ ಹತ್ತಿರ ಮುರಿದರೆ, ಮೀಡಿಯಲ್ ಎಪಿಕಾಂಡೈಲ್ ಮುರಿದರೆ ಯಾವ ಯಾವ ನರಕ್ಕೆ ಪೆಟ್ಟು? ಸುಮ್ಮನಾದ. ಅದೇ ಪ್ರಶ್ನೆಗೆ ನಾಲ್ಕು ಆಯ್ಕೆಗಳನ್ನು ಬರೆದು ಮುಂದಿಟ್ಟದ್ದೇ ತಡ, ಮೂರಕ್ಕೂ ಸರಿಯುತ್ತರ: ಆಕ್ಸಿಲರಿ, ರೇಡಿಯಲ್, ಅಲ್ನರ್.

ಪ್ರಕರಣದ ಮೂಲ ಇಲ್ಲಿದೆ. ನೀಟ್‌ನ 720 ಅಂಕಗಳೂ ಆಯ್ಕೆಯ ಪ್ರಶ್ನೆಗಳದ್ದೇ. ಕಂಡದ್ದನ್ನು ಗುರುತಿಸಿದರೆ ಅಂಕ. ಎರಡು ವರ್ಷ ಅದಕ್ಕೇ ಪಳಗಿದ ತಲೆಗೆ ಎಂಬಿಬಿಎಸ್‌ನಲ್ಲಿ ಆಯ್ಕೆಯ ಪ್ರಶ್ನೆ ಸಿಗುವುದು ಪತ್ರಿಕೆಯ ಒಂದು ಸಣ್ಣ ಭಾಗದಲ್ಲಿ ಮಾತ್ರ. ಉಳಿದದ್ದು ದೀರ್ಘ ಉತ್ತರ, ಸಣ್ಣ ಉತ್ತರ, ಸ್ಪಾಟರ್ (ಮುಂದಿಟ್ಟ ಮಾದರಿ ಗುರುತಿಸಿ ಹೆಸರಿಸುವುದು), ಸ್ಲೈಡ್, ವೈವಾ (ಮೌಖಿಕ ಪರೀಕ್ಷೆ). ಎಲ್ಲಕ್ಕೂ ಉತ್ತರವನ್ನು ಒಳಗಿನಿಂದ ಎಳೆದು ತರಬೇಕು. ಮೂರನೇ ಸಲ ಓದುವಾಗ ಸಾಲುಗಳು ಪರಿಚಿತವೆನಿಸುತ್ತವೆ, ಆ ಪರಿಚಯವನ್ನೇ ವಿದ್ಯಾರ್ಥಿ "ಬಂತು" ಎಂದುಕೊಳ್ಳುತ್ತಾನೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಓದಿ ಐದು ನಿಮಿಷಕ್ಕೆ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೋಡದೆ ನೆನಪಿಸಿಕೊಂಡವರು ಮುಂದಾದರು. ಪರೀಕ್ಷೆ ಯಾವಾಗಲೂ ಆ ಒಂದು ವಾರದ ನಂತರವೇ ಬರುತ್ತದೆ.

ಹಾಜರಿ ನೋಡಿದೆವು. ಪರೀಕ್ಷೆಗೆ ಕೂರಲು ಥಿಯರಿಯಲ್ಲಿ ಶೇ. 75, ಪ್ರಾಕ್ಟಿಕಲ್‌ನಲ್ಲಿ ಶೇ. 80 ಬೇಕು. ಅವನ ಅನಾಟಮಿ ಪ್ರಾಕ್ಟಿಕಲ್ ಶೇ. 71ರಲ್ಲಿತ್ತು. ವರ್ಷದ ಅರ್ಧ ತರಗತಿಗಳು ಮುಗಿದಿದ್ದವು, ಹಾಗಾಗಿ ಉಳಿದರ್ಧದಲ್ಲಿ ಶೇ. 89 ಬಂದರೆ ಸರಿಹೋಗುತ್ತಿತ್ತು. ಮೂರನೇ ಎರಡು ಭಾಗ ಮುಗಿದ ಮೇಲೆ ಎಚ್ಚರಾಗಿದ್ದರೆ ಶೇ. 98 ಬೇಕಾಗುತ್ತಿತ್ತು. ಒಂದೆರಡು ದಿನದ ಜ್ವರ ಬಂದರೂ ಮುಗಿಯಿತು. ಅಂಕಕ್ಕಿಂತ ಮೊದಲು ಈ ಲೆಕ್ಕ ಮಾಡಿ ಎಂದು ಎಲ್ಲ ಮೊದಲ ವರ್ಷದವರಿಗೂ ಹೇಳುತ್ತೇವೆ. ಅಂಕವನ್ನು ಮುಂದಿನ ಟೆಸ್ಟಿನಲ್ಲಿ ಎತ್ತಬಹುದು, ಹೋದ ತರಗತಿ ಹೋಯಿತು.

ಒಂದು ಇಂಟರ್ನಲ್ ಹೋದರೆ ವರ್ಷವೇ ಹೋಯಿತೆಂದು ಅವನು ನಂಬಿದ್ದ. ಹಾಗಿಲ್ಲ. ಇಂಟರ್ನಲ್ ಅಂಕ ಹಲವು ಪರೀಕ್ಷೆಗಳ ಲೆಕ್ಕ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಒಂದು ವಿಷಯ ಬಿದ್ದರೂ ಸಪ್ಲಿಮೆಂಟರಿ ಇದೆ. ಅದರಲ್ಲಿ ಪಾಸಾದರೆ ತನ್ನ ಬ್ಯಾಚಿನ ಜೊತೆಯೇ ಮುಂದುವರಿಯಬಹುದು. ಅಲ್ಲಿಯೂ ಬಿದ್ದರೆ ಮಾತ್ರ ಮುಂದಿನ ಬ್ಯಾಚು. ಮೊದಲ ವರ್ಷದ ಪರೀಕ್ಷೆಗೆ ಒಟ್ಟು ನಾಲ್ಕು ಅವಕಾಶ, ಸೇರಿದ ದಿನದಿಂದ ನಾಲ್ಕು ವರ್ಷದ ಮಿತಿ. ಸೀಟು ಬಿಡುವ ಬಗ್ಗೆ ಹೇಳಿದ್ದು ಇಷ್ಟೇ: ಅಂಕ ಬಂದ ವಾರದಲ್ಲಿ ನಿರ್ಧರಿಸಬೇಡ. ಮುಂದಿನ ಟರ್ಮಿನಲ್ (ಟರ್ಮ್ ಕೊನೆಯ ಪರೀಕ್ಷೆ) ವರೆಗೆ ಓದುವ ರೀತಿ ಬದಲಿಸಿ ನೋಡು. ಪಾಸಾದ ಮೇಲೂ ಬೇಡವೆನಿಸಿದರೆ ಆಗ ಕೂತು ಮಾತಾಡೋಣ. ಅಷ್ಟರೊಳಗೆ ಪ್ರವೇಶದ ಮಾಹಿತಿ ಪುಸ್ತಕದಲ್ಲಿ ಸೀಟು ಬಿಟ್ಟರೆ ಕಟ್ಟಬೇಕಾದ ದಂಡ ಎಷ್ಟೆಂದು ಓದಿಕೊಂಡು ಬಾ.

ಹಾಕಿಕೊಟ್ಟ ಕ್ರಮ ಹೀಗಿತ್ತು. ವಿಷಯಕ್ಕೆ ಒಂದೇ ಪಠ್ಯಪುಸ್ತಕ, ಅನಾಟಮಿಗೆ ಜೊತೆಗೊಂದು ಅಟ್ಲಾಸ್. ಪಿಡಿಎಫ್‌ಗಳನ್ನು ಅಳಿಸುವುದು, ಹೈಲೈಟರ್ ತಂಗಿಗೆ ಕೊಡುವುದು. ಡಿಸೆಕ್ಷನ್‌ಗೆ ಹೋಗುವ ಮುನ್ನ ಆ ದಿನದ ಭಾಗವನ್ನು ಅಟ್ಲಾಸಿನಲ್ಲಿ ಹದಿನೈದು ನಿಮಿಷ ನೋಡಿ, ಅಲ್ಲಿ ಹುಡುಕಬೇಕಾದ ಐದು ರಚನೆಗಳ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗುವುದು. ಹುಡುಕುವುದಕ್ಕೆ ಏನೂ ಇಲ್ಲದವನಿಗೆ ಟೇಬಲ್ ಮುಂದೆ ಏನೂ ಕಾಣುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ಕಾಂಟ್ಯಾಕ್ಟ್ ಲೆನ್ಸ್ ಬೇಡ, ಕಿಟಕಿ ಅಥವಾ ಎಕ್ಸಾಸ್ಟ್ ಇರುವ ಕಡೆ ನಿಲ್ಲಬೇಕು, ತಲೆ ಸುತ್ತಿದರೆ ಹೊರಗೆ ಹೋಗಿ ಕೂತು ಮತ್ತೆ ಬರಬೇಕು, ಅದರಲ್ಲಿ ನಾಚಿಕೆಯೇನಿಲ್ಲ. ಮೂಳೆಯನ್ನು ಕೈಯಲ್ಲಿ ಹಿಡಿದು ಮೊದಲು ಎಡವೋ ಬಲವೋ ಹೇಳಬೇಕು, ಆಮೇಲೆ ತನ್ನ ಮೈಮೇಲೆ ಇಟ್ಟು ಸ್ನಾಯು ಅಂಟುವ ಜಾಗಗಳನ್ನು ತೋರಿಸಬೇಕು. ವೈವಾದ ಮೊದಲ ಪ್ರಶ್ನೆ ಸಾಮಾನ್ಯವಾಗಿ ಅಲ್ಲಿಂದಲೇ.

ಸಂಜೆ ಮನೆಗೆ ಬಂದು ಮೊದಲ ಇಪ್ಪತ್ತು ನಿಮಿಷ ಪುಸ್ತಕ ತೆರೆಯುವಂತಿಲ್ಲ. ಖಾಲಿ ಹಾಳೆಯಲ್ಲಿ ಆ ದಿನದ ಪಾಠ ಬರೆಯಬೇಕು, ಚಿತ್ರ ಬಿಡಿಸಬೇಕು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಮಾತ್ರ ಕೆಂಪು ಪೆನ್ನಿನಲ್ಲಿ ಸೇರಿಸಬೇಕು. ಅದೇ ಪಾಠದ ಖಾಲಿ ಹಾಳೆ ಮೂರನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ಮತ್ತೆ. ಕೆಂಪು ಕಡಿಮೆಯಾಗುತ್ತ ಬಂದರೆ ಸರಿ; ಮೂರು ಸಲವೂ ಒಂದೇ ಜಾಗದಲ್ಲಿ ಕೆಂಪು ಬಿದ್ದರೆ ಅದು ಮರೆವಲ್ಲ, ಅರ್ಥವೇ ಆಗಿಲ್ಲ, ಟ್ಯೂಟರನ್ನು ಕೇಳಬೇಕು. ಫಿಸಿಯಾಲಜಿಯಲ್ಲಿ ಕಾರ್ಡಿಯಾಕ್ ಸೈಕಲ್‌ನಂಥ (ಹೃದಯದ ಒಂದು ಬಡಿತದ ಸುತ್ತು) ಚಿತ್ರಗಳನ್ನು ಕಾಲದ ಅಳತೆಯೊಂದಿಗೆ ಬಿಡಿಸುವುದು: ನಿಮಿಷಕ್ಕೆ 75 ಬಡಿತವಾದರೆ ಒಂದು ಸುತ್ತಿಗೆ 0.8 ಸೆಕೆಂಡ್, ಅದರಲ್ಲಿ ವೆಂಟ್ರಿಕಲ್ ಸಂಕುಚಿಸುವುದು 0.3, ಸಡಿಲಿರುವುದು 0.5. ಬಯೋಕೆಮಿಸ್ಟ್ರಿಯಲ್ಲಿ ಅವನು ಗ್ಲೈಕೋಲಿಸಿಸ್‌ನ (ಜೀವಕೋಶ ಗ್ಲೂಕೋಸನ್ನು ಒಡೆಯುವ ಕ್ರಿಯೆ) ಹತ್ತೂ ಹೆಜ್ಜೆಗಳನ್ನು ರಚನೆ ಸಮೇತ ಉರುಹೊಡೆದಿದ್ದ, ಆದರೆ ಹಿಂತಿರುಗದ ಮೂರು ಹೆಜ್ಜೆ ಯಾವುವೆಂದು ಕೇಳಿದರೆ ತಡವರಿಸಿದ. ಹೆಕ್ಸೋಕೈನೇಸ್, ಫಾಸ್ಫೋಫ್ರಕ್ಟೋಕೈನೇಸ್-1, ಪೈರುವೇಟ್ ಕೈನೇಸ್ ಎಂಬ ಕಿಣ್ವಗಳು ನಡೆಸುವ ಹೆಜ್ಜೆಗಳು ಅವು: ಹಿಡಿತವೆಲ್ಲ ಇಲ್ಲೇ, ಪ್ರಶ್ನೆಗಳೂ ಇಲ್ಲಿಂದಲೇ. ಮೊದಲು ಇವನ್ನು ಕಲಿತು ಉಳಿದವನ್ನು ಸುತ್ತ ಜೋಡಿಸಬೇಕು. ಹಿಸ್ಟಾಲಜಿ (ಸೂಕ್ಷ್ಮದರ್ಶಕದಲ್ಲಿ ನೋಡುವ ಅಂಗಾಂಶ) ಸ್ಲೈಡಿಗೆ ಎರಡೆರಡು ಗುರುತು ಸಾಕು.

ಭಾನುವಾರ ಗಡಿಯಾರ ಇಟ್ಟುಕೊಂಡು ಒಂದು ದೀರ್ಘ ಉತ್ತರ. ಮೂರು ಗಂಟೆಗೆ ನೂರು ಅಂಕದ ಪತ್ರಿಕೆಯಾದರೆ ಅಂಕಕ್ಕೆ 1.8 ನಿಮಿಷ, ಹತ್ತು ಅಂಕಕ್ಕೆ 18. ಪ್ರಶ್ನೆ ಓದಲು, ಕೊನೆಗೆ ನೋಡಲು ಎರಡು ಕಳೆದರೆ 16. ನರದ ಪ್ರಶ್ನೆಯಾದರೆ ಉಗಮ, ಸಾಗುವ ದಾರಿ, ಅಕ್ಕಪಕ್ಕದ ಸಂಬಂಧ, ಶಾಖೆಗಳು, ಪೆಟ್ಟಾದರೆ ಏನಾಗುತ್ತದೆ, ಒಂದು ಹೆಸರು ಬರೆದ ಚಿತ್ರ. ಅವನ ಹಳೆಯ ಉತ್ತರಪತ್ರಿಕೆಯಲ್ಲಿ ಉಗಮಕ್ಕೇ ಒಂದೂವರೆ ಪುಟ, ಚಿತ್ರವಿಲ್ಲ, ಕೊನೆಯ ಎರಡು ಪ್ರಶ್ನೆ ಮುಟ್ಟಿಯೇ ಇಲ್ಲ.

ಲೋಕಲ್‌ನಲ್ಲಿ ದಪ್ಪ ಪುಸ್ತಕ ಓದುವ ಹಟ ಬಿಡಿಸಿದೆವು. ಕಲ್ಯಾಣ್ ಕಡೆಯಿಂದ ಬರುವ ಇನ್ನೊಬ್ಬ ವಿದ್ಯಾರ್ಥಿಯ ಜೊತೆ ನಿಂತೇ ಪ್ರಶ್ನೋತ್ತರ, ಅದೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ. ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಇವನಿಗೆ ವೈವಾದಲ್ಲಿ ನಾಲಿಗೆ ತೊಡರಲು ವಿಷಯ ಗೊತ್ತಿಲ್ಲದಿರುವುದು ಅರ್ಧ ಕಾರಣ, ಆ ವಾಕ್ಯಗಳನ್ನು ಒಮ್ಮೆಯೂ ಬಾಯಿಬಿಟ್ಟು ಹೇಳದಿರುವುದು ಇನ್ನರ್ಧ. ವಾರದ ದಿನ ಓದು ಮೂರು ಗಂಟೆ ಮಾತ್ರ, ನಿದ್ರೆ ಏಳು ಗಂಟೆ, ಸಂಜೆ ನಾಲ್ಕರ ಮೇಲೆ ಕಾಫಿ ಇಲ್ಲ.

ಹೆತ್ತವರಿಗೆ ಅಂಕ ತಿಳಿಸುವ ಕೆಲಸ ಅವನದೇ ಎಂದೆವು, ಆದರೆ ನಮ್ಮ ಕೋಣೆಯಲ್ಲಿ. ಮೊದಲು ಅಂಕ, ಆಮೇಲೆ ನಿಯಮ ಏನು, ಆಮೇಲೆ ಮುಂದೆ ಏನು ಮಾಡುತ್ತಾನೆ. ಕ್ಷಮೆ, ಕಣ್ಣೀರು ಬಂದರೆ ಕೊನೆಗೆ ಬರಲಿ. ತಾಯಿ ಅತ್ತರು. ತಂದೆಗೆ ಸಿಟ್ಟಿಗಿಂತ ಗೊಂದಲ. "ಇವ ಹತ್ತು ಗಂಟೆ ಓದೂದು ನಾನೇ ನೋಡಿದ್ದೇನಲ್ಲ ಮೇಡಂ? ನಾವು ರಾತ್ರಿಶಾಲೆಯಲ್ಲಿ ಎರಡು ಗಂಟೆ ಓದಿ ಪಾಸಾದವರು." ಅವರನ್ನೇ ಕೇಳಿದೆವು: ಹೊಸ ಹುಡುಗ ಕೆಲಸಕ್ಕೆ ಸೇರಿದರೆ ಮೆನು ಕಾರ್ಡ್ ಕೊಟ್ಟು ಹತ್ತು ಸಲ ಓದು ಅನ್ನುತ್ತೀರಾ? "ಓದಿದರೆ ಎಲ್ಲಿ ಬರ್ತದೆ? ಟೇಬಲಿಗೆ ಕಳಿಸುದು. ನಾಲ್ಕು ಗಿರಾಕಿಯ ಆರ್ಡರ್ ಬಾಯಲ್ಲೇ ತಂದು ಹೇಳ್ಬೇಕು. ತಪ್ಪಿದ್ರೆ ವಾಪಸ್ ಕಳಿಸುದು." ಹೇಳಿ ಮುಗಿಸಿದವರು ಮಗನ ಕಡೆ ನೋಡಿದರು. ನಾವು ಮತ್ತೇನೂ ವಿವರಿಸಬೇಕಾಗಲಿಲ್ಲ.

ಮನೆಯವರಿಗೆ ಕೊಟ್ಟ ಸಲಹೆ ಎರಡೇ. "ಎಷ್ಟು ಗಂಟೆ ಓದಿದೆ?" ಎಂಬ ಪ್ರಶ್ನೆ ನಿಲ್ಲಿಸುವುದು, ಬೇಕಿದ್ದರೆ "ಇವತ್ತಿನ ಹಾಳೆ ತೋರಿಸು" ಎನ್ನಬಹುದು, ಅರ್ಥವಾಗದಿದ್ದರೂ ಕೆಂಪು ಎಷ್ಟಿದೆ ಎಂದು ಯಾರಿಗಾದರೂ ಕಾಣುತ್ತದೆ. ಎರಡನೆಯದು, ಸಂಘದ ಸಮಾರಂಭಗಳಲ್ಲಿ ಅವನನ್ನು "ನಮ್ಮ ಡಾಕ್ಟರ್" ಎಂದು ಪರಿಚಯಿಸುವುದನ್ನು ಐದೂವರೆ ವರ್ಷ ಮುಂದಕ್ಕೆ ಹಾಕುವುದು. ಇದಕ್ಕೆ ತಾಯಿ ಒಪ್ಪಿದರು, ತಂದೆ ನೋಡುವಾ ಎಂದರು.

ಫಲಿತಾಂಶ. ಮೊದಲ ಮೂರು ವಾರ ಅವನಿಗೆ ಈ ಕ್ರಮ ಹಿಡಿಸಲಿಲ್ಲ. ಖಾಲಿ ಹಾಳೆ ಅವಮಾನ ಮಾಡುತ್ತದೆ, ಓದು ಹಾಗಲ್ಲ. ಎರಡು ಸಲ ಹಳೆಯ ಅಭ್ಯಾಸಕ್ಕೆ ಮರಳಿದ. ಟರ್ಮಿನಲ್‌ನಲ್ಲಿ ಅನಾಟಮಿ 52, ಫಿಸಿಯಾಲಜಿ 57 ಬಂದ ಮೇಲೆ ಸೀಟು ಬಿಡುವ ಮಾತು ಬರಲಿಲ್ಲ. ಪ್ರಾಕ್ಟಿಕಲ್ ಹಾಜರಿ ಶೇ. 81ಕ್ಕೆ ಮುಟ್ಟಿತು. ಪಿಎಚ್‌ಕ್ಯೂ-9 ಐದಕ್ಕೆ ಇಳಿಯಿತು, ಒಂಬತ್ತನೆಯ ಪ್ರಶ್ನೆಯನ್ನು ಮತ್ತೆ ಬಾಯಿಬಿಟ್ಟೇ ಕೇಳಿದೆವು. ಮನೋವೈದ್ಯರ ಭೇಟಿ ಮುಂದುವರಿಯಿತು. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಅನಾಟಮಿ, ಫಿಸಿಯಾಲಜಿ ಪಾಸ್, ಬಯೋಕೆಮಿಸ್ಟ್ರಿ ಥಿಯರಿಯಲ್ಲಿ ಬಿದ್ದ. ಮೂರರಲ್ಲಿ ಕಡಿಮೆ ಹಾಳೆ ಬರೆದದ್ದು ಆ ವಿಷಯಕ್ಕೇ. ಮೊದಲ ಇಂಟರ್ನಲ್‌ನಲ್ಲಿ ಅದರಲ್ಲೇ ಹೆಚ್ಚು ಅಂಕ ಬಂದಿದ್ದರಿಂದ ಸಡಿಲ ಬಿಟ್ಟಿದ್ದ. ಈ ಸಲ ಮನೆಯಲ್ಲಿ ಅದೇ ಸಂಜೆ ಹೇಳಿದ. ಸಪ್ಲಿಮೆಂಟರಿಯಲ್ಲಿ ಪಾಸಾಗಿ ತನ್ನ ಬ್ಯಾಚಿನಲ್ಲೇ ಇದ್ದಾನೆ. ಈಗ ಬರುವುದು ತಿಂಗಳಿಗೊಮ್ಮೆ, ಸದ್ಯದ ತೊಂದರೆ ಫಾರ್ಮಕಾಲಜಿಯ ಔಷಧಗಳ ಪಟ್ಟಿ.